ಗಾಳಿಗೆ ಗುದ್ದುವವಳು

ನಾನು ಕರಾಟೆ ಕಲಿಯಲು ಹೋದದ್ದು ನಲವತ್ಮೂರನೆಯ ವಯಸ್ಸಿನಲ್ಲಿ, ಯಲಬುರ್ಗಾದಲ್ಲಿ, ಸೊಂಟನೋವಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕರಾಟೆ ಅಂದ ಕೂಡಲೇ ಜನ ಮುಖ ಗಂಭೀರ ಮಾಡಿಕೊಂಡು ‘ಆತ್ಮರಕ್ಷಣೆ! ಭಾಳ ಛಲೋ ಬಿಡ್ರಿ’ ಅನ್ನುತ್ತಾರೆ. ನನ್ನ ಆತ್ಮಕ್ಕೆ ಆಗ ಯಾರಿಂದಲೂ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಕಚೇರಿಯ ಕುರ್ಚಿಯಿಂದ.

ತಾಲ್ಲೂಕು ಕಚೇರಿಯಲ್ಲಿ ನಾನು ಗುಮಾಸ್ತೆ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾದವರು, ಅಣ್ಣತಮ್ಮಂದಿರ ವಾರಸಾ ಆಗದವರು ಎಲ್ಲರೂ ಬಂದು ನನ್ನ ಮೇಜಿನ ಮೇಲೆ ಬಗ್ಗಿ ನಿಲ್ಲುತ್ತಾರೆ. ಅವರು ಬಗ್ಗಿದಷ್ಟೂ ನಾನು ಹಿಂದಕ್ಕೆ ವಾಲುತ್ತೇನೆ. ಹೀಗೆ ಹದಿನೆಂಟು ವರ್ಷ ವಾಲಿದ ಮೇಲೆ ಸೊಂಟ ಕೈಕೊಟ್ಟಿತು. ಕೊಪ್ಪಳದ ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ‘ಏನೂ ಆಗಿಲ್ರಿ. ಕುಂತು ಕುಂತು ಹಿಂಗಾಗೈತಿ. ದಿನಾ ವಾಕಿಂಗ್ ಮಾಡ್ರಿ’ ಅಂದರು.

ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ಹೆಂಗಸರದೊಂದು ಗುಂಪಿತ್ತು. ಸೇರಿಕೊಂಡೆ. ಮೊದಲ ಸುತ್ತಿಗೆ ಶುಗರ್, ಎರಡನೆಯ ಸುತ್ತಿಗೆ ಥೈರಾಯ್ಡ್, ಮೂರನೆಯ ಸುತ್ತಿಗೆ ಸೊಸೆಯಂದಿರು. ನನಗೆ ಮೂರೂ ಇರಲಿಲ್ಲವಾದ್ದರಿಂದ ಮಾತಾಡುವ ಅರ್ಹತೆಯೂ ಇರಲಿಲ್ಲ. ಸುಮ್ಮನೆ ಸುತ್ತುತ್ತ ಮೈದಾನದ ಮೂಲೆಯನ್ನು ನೋಡುತ್ತಿದ್ದೆ. ಅಲ್ಲಿ ಬಿಳಿ ಬಟ್ಟೆಯ ಹತ್ತು ಹನ್ನೆರಡು ಮಕ್ಕಳು ಸಾಲಾಗಿ ನಿಂತು, ಒಟ್ಟಿಗೆ ಕೂಗಿ, ಒಟ್ಟಿಗೆ ಗುದ್ದುತ್ತಿದ್ದವು. ಒಂದು ದಿನ ಶುಗರ್ ಸುತ್ತು ಮುಗಿಯುವ ಮೊದಲೇ ಗುಂಪು ಬಿಟ್ಟು ಆ ಕಡೆ ನಡೆದೆ.

ಕರಾಟೆ ಮಾಸ್ತರಿಗೆ ಇಪ್ಪತ್ತೆಂಟೋ ಮೂವತ್ತೋ ವಯಸ್ಸು. ಊರಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಬೆಳಿಗ್ಗೆ ಕರಾಟೆ, ಒಂಬತ್ತರ ಮೇಲೆ ಜೋಳ. ಮೈಮೇಲಿನ ಬಿಳಿಯಲ್ಲಿ ಬಟ್ಟೆಯದೆಷ್ಟು, ಹಿಟ್ಟಿನದೆಷ್ಟು ಅಂತ ಯಾರಿಗೂ ಹೇಳಲಾಗುತ್ತಿರಲಿಲ್ಲ.

‘ಮಗಳನ್ನ ಸೇರಿಸೋರಿದ್ರೇನ್ರಿ ಮೇಡಂ?’ ಅಂದ.

‘ಇಲ್ರಿ. ನಾನ ಸೇರತೀನಿ.’

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಮಕ್ಕಳನ್ನು ನೋಡಿದ. ‘ಸೀರಿ ಮ್ಯಾಲ ಆಗಂಗಿಲ್ರಿ’ ಅಂದ.

‘ಚೂಡಿದಾರ ಹಾಕ್ಕೊಂಡು ಬರತೀನಿ.’

‘ಮತ್ತ ವಯಸ್ಸು…’

‘ನಿಮ್ಮ ಬೋರ್ಡಿನ ಮ್ಯಾಲ ವಯಸ್ಸು ಬರದಿಲ್ಲಲ್ರಿ.’

ಮರುವಾರ ಬೋರ್ಡಿನ ಮೇಲೆ ‘ಐದು ವರ್ಷ ಮೇಲ್ಪಟ್ಟ ಎಲ್ಲರಿಗೂ’ ಎಂದು ಹೊಸದಾಗಿ ಬರೆಸಿದ್ದ. ಆ ಎಲ್ಲರೂ ನಾನೊಬ್ಬಳೇ.

ಬಟ್ಟೆ ಹೊಲಿಸಲು ಹೋದಾಗ ದರ್ಜಿ ಅಳತೆ ತೆಗೆದುಕೊಳ್ಳುತ್ತ, ‘ಯಾವ ನಾಟಕಕ್ಕ ರೀ ಅಕ್ಕಾರ?’ ಅಂದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಗಂಡ, ಒಗೆದು ಒಣಹಾಕಿದ ಆ ಬಿಳಿ ಪ್ಯಾಂಟನ್ನು ತಂತಿಯ ಮೇಲೆ ನೋಡಿ, ‘ಯಾರನ್ನ ಹೊಡ್ಯೋದೈತಿ?’ ಅಂದರು.

‘ಇನ್ನೂ ಗೊತ್ತು ಮಾಡಿಲ್ರಿ’ ಅಂದೆ. ಆ ವಾರವೆಲ್ಲ ತಮ್ಮ ಊಟದ ಡಬ್ಬಿಯನ್ನು ತಾವೇ ತೊಳೆದಿಟ್ಟರು.

ಕರಾಟೆಯಲ್ಲಿ ‘ಕಟಾ’ ಅಂತ ಇದೆ. ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ಹೊಡೆತಗಳ ಸಾಲು. ಇಷ್ಟು ಹೆಜ್ಜೆ ಮುಂದೆ, ಇಲ್ಲಿ ತಿರುಗು, ಇಲ್ಲಿ ತಡೆ, ಇಲ್ಲಿ ಗುದ್ದು ಅಂತ ಎಲ್ಲ ಮೊದಲೇ ಗೊತ್ತಾಗಿರುತ್ತದೆ. ಮಕ್ಕಳು ಒಂದು ವಾರದಲ್ಲಿ ಕಲಿತದ್ದನ್ನು ನಾನು ಮೂರು ತಿಂಗಳಲ್ಲಿ ಕಲಿತೆ. ಎಡ, ಬಲ ಎಂಬ ಎರಡೇ ದಿಕ್ಕುಗಳನ್ನು ಇಟ್ಟುಕೊಂಡು ಮನುಷ್ಯ ಎಷ್ಟು ಬಗೆಯಲ್ಲಿ ತಪ್ಪಬಹುದು ಅಂತ ನನ್ನಿಂದ ಇಡೀ ವರ್ಗಕ್ಕೇ ಗೊತ್ತಾಯಿತು. ಮನೆಯ ಮಾಳಿಗೆ ಮೇಲೆ ಬೆಳಿಗ್ಗೆ ಐದೂವರೆಗೆ ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಲು ಬರುತ್ತಿದ್ದ ಅಜ್ಜಿ ಮೊದಲೆರಡು ದಿನ ನೋಡಿ, ಮೂರನೆಯ ದಿನ ನನ್ನ ಗಂಡನನ್ನು ಬೀದಿಯಲ್ಲಿ ನಿಲ್ಲಿಸಿ, ‘ದೇವರು ಬರತಾವೇನಪ್ಪ ಆಕಿ ಮೈಮ್ಯಾಲ?’ ಅಂತ ಕೇಳಿದ್ದಳು.

ಬಂದದ್ದು ದೇವರಲ್ಲ, ಬೆವರು. ಅದರ ಜೊತೆ ಇನ್ನೊಂದು ಬಂತು. ಅದಕ್ಕೆ ಏನನ್ನಬೇಕೋ ತಿಳಿಯದು. ಆ ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅರ್ಜಿ ಇಲ್ಲ, ಸಾಂಬಾರಿಗೆ ಉಪ್ಪು ಸಾಕಾ ಅನ್ನುವುದಿಲ್ಲ. ಕಾಲು ಎಲ್ಲಿ ಇಡಬೇಕು ಅನ್ನುವುದೊಂದೇ ವಿಚಾರ. ನಲವತ್ಮೂರು ವರ್ಷ ನನ್ನ ಜೊತೆಯೇ ಓಡಾಡಿಕೊಂಡಿದ್ದ ಕಾಲಿನ ಬಗ್ಗೆ ನಾನು ಮೊದಲ ಸಲ ಪೂರ್ತಿ ಗಮನ ಕೊಟ್ಟಿದ್ದೆ.

ಈಗ ನನ್ನ ಅಣ್ಣನ ವಿಷಯ ಹೇಳಬೇಕು.

ಅಣ್ಣ ಕುಕನೂರಿನಲ್ಲಿ ದನದ ಹಿಂಡಿ, ಬೂಸಾದ ಅಂಗಡಿ ಇಟ್ಟಿದ್ದಾನೆ. ಅದು ಈಗಿನ ಮಾತು. ಇಪ್ಪತ್ತು ವರ್ಷದ ಹಿಂದೆ ಅವನು ಪೈಲ್ವಾನ. ಸುಮ್ಮನೆ ಮೀಸೆ ತಿರುವುವ ಪೈಲ್ವಾನನಲ್ಲ, ನಿಜವಾದವನು. ಬೆಳ್ಳಿಯ ಗದೆ ಗೆದ್ದವನು. ಕಣದಲ್ಲಿ ತಿಕ್ಕಿ ತಿಕ್ಕಿ ಅವನ ಎರಡೂ ಕಿವಿ ಮುರಿದು, ಒತ್ತಿ ಮುಚ್ಚಿದ ಕಡುಬಿನಂತಾಗಿವೆ. ಆ ಕಿವಿ ನೋಡಿದರೆ ಸಾಕು, ಕುಸ್ತಿ ಬಲ್ಲವರು ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಾರೆ.

ಆ ಕಿವಿಗಳಲ್ಲಿ ನನ್ನ ಪಾಲೂ ಇದೆ. ಅಪ್ಪ ಅವನನ್ನು ಗರಡಿಗೆ ಹಾಕಿದಾಗ ನನಗೆ ಎಂಟು ವರ್ಷ. ಅವನಿಗೆ ಬದಾಮಿ ಅರೆಯುವುದು ನನ್ನ ಕೆಲಸವಾಯಿತು. ಎಮ್ಮೆಯ ಹಾಲು ಅವನಿಗೆ, ಉಳಿದ ನಮಗೆಲ್ಲ ಕರಿ ಚಹಾ. ಒಂದು ಸಲ ಅರೆಯುವಾಗ ನಾಲ್ಕು ಬದಾಮಿ ಬಾಯಿಗೆ ಹಾಕಿಕೊಂಡಿದ್ದಕ್ಕೆ ಅವ್ವ, ‘ನೀ ಏನ್ ಕುಸ್ತಿ ಹಿಡ್ಯಾಕಿ?’ ಅಂತ ಬೆನ್ನಿಗೆ ಎರಡು ಬಿಗಿದಿದ್ದಳು. ದಿನಾ ಬೆಳಿಗ್ಗೆ ಹಾಲಿನ ತಂಬಿಗೆ ಹಿಡಿದು ಗರಡಿಯ ಹೊಸ್ತಿಲ ತನಕ ಹೋಗಬೇಕು, ಒಳಗೆ ಕಾಲಿಡಬಾರದು. ‘ಹೆಣ್ಣಮಕ್ಕಳು ಬಂದ್ರ ಹಣಮಪ್ಪ ಸಿಟ್ಟಾಗತಾನ’ ಅಂತ ಅಪ್ಪ ಹೇಳಿದ್ದ. ಗರಡಿಯ ಬಾಗಿಲು ಗಿಡ್ಡ. ಒಳಗೆ ನೆಲ ತಗ್ಗು. ಹೊರಗೆ ನಿಂತರೆ ಕಾಣುತ್ತಿದ್ದದ್ದು ಕೆಮ್ಮಣ್ಣು ಮೆತ್ತಿದ ಕಾಲುಗಳು ಮಾತ್ರ. ಹತ್ತು ವರ್ಷ ನಾನು ಕುಸ್ತಿಯನ್ನು ಮೊಣಕಾಲಿನ ಕೆಳಗೆ ಮಾತ್ರ ನೋಡಿದ್ದೇನೆ.

ನಾನು ಕರಾಟೆ ಸೇರಿದ ಸುದ್ದಿ ಕುಕನೂರಿಗೆ ಮುಟ್ಟಲು ನಾಲ್ಕು ದಿನವೂ ಬೇಕಾಗಲಿಲ್ಲ. ಆದರೆ ಅಣ್ಣ ಊಟಕ್ಕೆ ಬಂದದ್ದು ಮೂರು ತಿಂಗಳ ಮೇಲೆ, ಒಂದು ಮಧ್ಯಾಹ್ನ. ರೊಟ್ಟಿ ಮುರಿಯುತ್ತ, ‘ಕೇಳಿದ್ನೆವ್ವ, ಕರಾಟಿ ಕಲಿಯಾಕತ್ತೀಯಂತ. ಎಲ್ಲಿ, ಮಾಡಿ ತೋರಸು’ ಅಂದ.

ತೋರಿಸಬಾರದಿತ್ತು. ಕಲಿತ ಹೊಸದರಲ್ಲಿ ಬುದ್ಧಿ ಇರುವುದಿಲ್ಲ. ಸೆರಗು ಸಿಕ್ಕಿಸಿ, ಪಡಸಾಲೆಯಲ್ಲಿ ನಿಂತು, ನನಗೆ ಬರುತ್ತಿದ್ದ ಒಂದೇ ಕಟಾವನ್ನು ಮಾಡಿದೆ. ಅಣ್ಣ ರೊಟ್ಟಿಯ ತುಣುಕನ್ನು ಕೈಯಲ್ಲೇ ಹಿಡಿದುಕೊಂಡು ಪೂರ್ತಿ ನೋಡಿದ.

‘ಎದುರಿಗೆ ಯಾರದಾರ?’ ಅಂದ.

‘ಯಾರೂ ಇಲ್ಲ.’

‘ಮತ್ತ ಯಾರಿಗೆ ಹೊಡ್ಯಾಕತ್ತಿ?’

‘ಗಾಳಿಗೆ.’

‘ಗಾಳಿ ಏನಂತು?’

ನನ್ನ ಗಂಡ ಫಕ್ಕನೆ ನಕ್ಕು, ನನ್ನ ಮುಖ ನೋಡಿ, ತಟ್ಟೆಯಲ್ಲಿ ಏನೋ ಹುಡುಕತೊಡಗಿದರು.

ಅಣ್ಣ ಆಮೇಲೆ ನಗೆಯಿಲ್ಲದೆ ಹೇಳಿದ. ‘ನೋಡ ತಂಗಿ, ಮೈಗೆ ಮೈ ಹತ್ತಿದ್ರ ಕುಸ್ತಿ. ಎದುರಿನಾಂವ ಉಸಿರು ಬಿಡೂದು ನಿನ್ನ ಕಿವಿಗೆ ಬಡೀಬೇಕು. ಆತ ಹೆದರ್‍ಯಾನೋ, ದಣದಾನೋ ಅಂತ ಆತನ ಬೆವರಿನ ವಾಸನಿ ಹೇಳತೈತಿ. ನೀ ಮಾಡಾಕತ್ತಿದ್ದು ಕೋಲಾಟ. ಅದರಾಗೂ ಕೋಲಿಲ್ಲ.’

ಅವನು ಹೇಳಿದ್ದು ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಆದರೆ ನಿಜ ಹೇಳಿದವರ ಮೇಲೆ ಸಿಟ್ಟು ಬರಬಾರದು ಅಂತ ಎಲ್ಲೂ ಬರೆದಿಲ್ಲ. ಆ ದಿನ ಅವನಿಗೆ ಎರಡನೆಯ ಸಲ ಮೊಸರು ಹಾಕಲಿಲ್ಲ.

ಹಳದಿ ಬೆಲ್ಟು, ಕಿತ್ತಳೆ ಬೆಲ್ಟು ಎರಡನ್ನೂ ಮಾಸ್ತರನೇ ಮೈದಾನದಲ್ಲಿ ಪರೀಕ್ಷೆ ಮಾಡಿ ಕೊಟ್ಟ. ಹಸಿರು ಬೆಲ್ಟಿಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ. ಆ ಪರೀಕ್ಷೆ ಗಂಗಾವತಿಯ ಒಂದು ಕಲ್ಯಾಣ ಮಂಟಪದಲ್ಲಿ ಇತ್ತು. ಅದೇ ದಿನ ಅಣ್ಣನಿಗೂ ಗಂಗಾವತಿಯ ಅಕ್ಕಿ ಗಿರಣಿಯಿಂದ ತೌಡು ತರುವುದಿತ್ತು. ‘ಯಾಕ ಬಸ್ಸಿನಾಗ ಹೋಗತಿ, ನನ್ನ ಗಾಡಿಯೊಳಗ ಬಾ’ ಅಂದ. ಅವನ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ, ಬಿಳಿ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೊಪ್ಪಳದ ಮೇಲೆ ಹಾಯ್ದು ಹೋದೆ. ನಮ್ಮ ಕಡೆಯ ಕಂದು ಹೊಲಗಳು ಮುಗಿದು ಕಾಲುವೆಯ ಹಸಿರು ಗದ್ದೆ ಶುರುವಾದಲ್ಲಿಂದ ಕಟಾದ ಹೆಜ್ಜೆಗಳನ್ನು ಬೆರಳ ಮೇಲೆ ಎಣಿಸತೊಡಗಿದೆ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಬರೆದ ಪರೀಕ್ಷೆ ಅಂದರೆ ಇಲಾಖೆಯದೊಂದೇ. ಅದರಲ್ಲಿ ಒದೆಯುವುದು ಇರಲಿಲ್ಲ.

ಮಂಟಪದಲ್ಲಿ ಹಿಂದಿನ ದಿನ ಯಾರದೋ ನಿಶ್ಚಿತಾರ್ಥ ಆಗಿತ್ತು. ವೇದಿಕೆಯ ಮೇಲೆ ವಧೂವರರ ಸಿಂಹಾಸನಗಳು ಹಾಗೇ ಇದ್ದವು. ಪರೀಕ್ಷಕರು ಅದರಲ್ಲೇ ಕೂತರು. ಕಾವಲುಗಾರ ಬಂದು ತೆಲುಗು ಬೆರೆಸಿದ ಕನ್ನಡದಲ್ಲಿ, ‘ಸೋಫಾ ಮೀದ ಬೂಟು ಇಡಬ್ಯಾಡ್ರಿ ಸಾರ್’ ಅಂತ ಎರಡು ಸಲ ಹೇಳಿ ಹೋದ. ಅವರೆಲ್ಲ ಬರಿಗಾಲಲ್ಲಿದ್ದರು. ಆದರೂ ಪ್ರತಿ ಸಲ ಕಾಲು ಸರಿಸಿಕೊಂಡರು.

ಅಣ್ಣ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ಸಂಘಟಕನೊಬ್ಬ ಅವನ ಕಿವಿ ನೋಡಿಬಿಟ್ಟ. ಐದೇ ನಿಮಿಷದಲ್ಲಿ ಅಣ್ಣನ ಹೆಗಲ ಮೇಲೆ ಶಾಲು, ಕೈಯಲ್ಲಿ ಮೈಕು. ‘ಪೈಲ್ವಾನ್ರು ನಮ್ಮ ಮಕ್ಕಳಿಗೆ ಎರಡು ಹಿತವಚನ ಹೇಳಬೇಕು’ ಅಂದರು.

ಅಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಅವನ ದೊಡ್ಡ ಗುಣ, ಅದೇ ಅವನ ದೊಡ್ಡ ಪೀಡೆ.

‘ಹುಡುಗ್ರು ಮುಂಜಾನೆ ಏಳತಾವ, ಛಲೋ’ ಅಂತ ಶುರು ಮಾಡಿದ. ‘ಮೈ ಬಗ್ಗತೈತಿ, ಅದೂ ಛಲೋ. ಆದ್ರ ಇದನ್ನ ಹೊಡೆದಾಟ ಅಂತ ತಿಳಕೋಬ್ಯಾಡ್ರಿ. ಸಣ್ಣ ಊರಿನ ಒಬ್ಬ ಪೈಲ್ವಾನ ಎದ್ದು ಬಂದ್ರ, ಇಲ್ಲಿರೋ ಬೆಲ್ಟು ಎಲ್ಲಾ ಸೇರಿಸಿ ಗಂಟು ಹಾಕಿ, ಗಂಟು ಹೆಗಲಿಗೆ ಏರಿಸ್ಕೊಂಡು ಹೋಗತಾನ. ಅಲ್ಲಿ ನಿಂತಾಳ ನೋಡ್ರಿ, ಎತ್ತರದಾಕಿ, ನನ್ನ ತಂಗಿ. ಎರಡು ವರ್ಷಾತು, ಗಾಳಿಗೆ ಗುದ್ದಾಕತ್ತಾಳ. ಇವತ್ತಿಗೂ ಆಕಿಗೆ ಒಂದು ಜ್ವಾಳದ ಚೀಲ ಎತ್ತಾಕ ಬರಂಗಿಲ್ಲ.’

ಮಕ್ಕಳ ತಾಯಿತಂದೆಯರು ಹೊಟ್ಟೆ ಹಿಡಿದು ನಕ್ಕರು. ಮಕ್ಕಳು ತಿರುಗಿ ನನ್ನನ್ನು ನೋಡಿದವು. ನನಗೇನೂ ಅನ್ನಿಸಲಿಲ್ಲ ಅಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಆದರೆ ನನ್ನ ಅವಮಾನಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ನಮ್ಮ ಮಾಸ್ತರ. ಗೋಡೆಗೆ ಆತು ನಿಂತು, ಕೈಯಲ್ಲಿದ್ದ ಪ್ರಮಾಣಪತ್ರಗಳ ಅಂಚನ್ನು ತಟ್ಟಿ ತಟ್ಟಿ ಸರಿಮಾಡುತ್ತಿದ್ದ. ಅವು ಆಗಲೇ ಸರಿಯಾಗಿದ್ದವು. ಆದರೂ ತಟ್ಟುತ್ತಿದ್ದ. ಗಿರಣಿಯ ಶಬ್ದದಲ್ಲಿ ಅರ್ಧ ಕಿವುಡಾದ ಆ ಹುಡುಗ ಏಳು ವರ್ಷದಿಂದ ಒಂದು ಬೆಳಿಗ್ಗೆಯೂ ತಪ್ಪಿಸದೆ ಮೈದಾನಕ್ಕೆ ಬಂದಿದ್ದಾನೆ.

ಪರೀಕ್ಷೆಯಲ್ಲಿ ನಾನು ಫೇಲಾದೆ. ಅಣ್ಣನ ಮಾತಿನಿಂದ ಮನಸ್ಸು ಕದಡಿ ಹಾಗಾಯಿತು ಅಂತ ಹೇಳಿದರೆ ಕಥೆಗೆ ಚೆಂದ. ಆದರೆ ಆ ತಿರುವಿನಲ್ಲಿ ನಾನು ಮನೆಯ ಮಾಳಿಗೆಯಲ್ಲೂ ತಪ್ಪುತ್ತಿದ್ದೆ. ಎಲ್ಲರೂ ಬಲಕ್ಕೆ ತಿರುಗಿದಾಗ ನಾನು ಎಡಕ್ಕೆ ತಿರುಗಿ, ಐದನೆಯ ತರಗತಿಯ ಹುಡುಗಿಯೊಬ್ಬಳ ಮುಖಕ್ಕೆ ಮುಖ ಕೊಟ್ಟು ನಿಂತೆ. ಅವಳು ಗುದ್ದುವುದನ್ನು ನಿಲ್ಲಿಸಿ, ‘ಸಾರಿ ಆಂಟಿ’ ಅಂದಳು. ಪರೀಕ್ಷಕರು ಸಿಂಹಾಸನದ ಮೇಲಿಂದ ಏನೋ ಬರೆದುಕೊಂಡರು.

ವಾಪಸು ಬರುವಾಗ ಗಾಡಿಯ ಹಿಂದೆ ತೌಡಿನ ಚೀಲ, ಮುಂದೆ ಶಾಲು ಹೊದ್ದ ಅಣ್ಣ. ಕೊಪ್ಪಳ ದಾಟುವ ತನಕ ನಾನು ಕಿಟಕಿಯಾಚೆ ಮೈಲಿಗಲ್ಲು ಎಣಿಸಿದೆ. ಬಾನಾಪುರದ ಹತ್ತಿರ ಬಂದಾಗ ಅವನೇ, ‘ಸಿಟ್ಟಾಗೀಯೇನು?’ ಅಂದ.

‘ಇಲ್ಲ. ನನ್ನ ಒಮ್ಮೆ ಕೆಡವು’ ಅಂದೆ.

‘ಏನು?’

‘ಕುಸ್ತಿ ಹಿಡಿ ನನ್ನ ಜೋಡಿ. ಗರಡಿಯೊಳಗ. ನಾ ಕಲತದ್ದು ಖರೇನ ಕೋಲಾಟ ಆಗಿದ್ರ ಅಲ್ಲಿ ತಿಳೀತೈತಿ. ಮೈಕಿನಾಗ ತಿಳಿಯಂಗಿಲ್ಲ.’

ಅಣ್ಣ ಗಾಡಿಯನ್ನು ಬದಿಗೆ ನಿಲ್ಲಿಸಿಯೇಬಿಟ್ಟ. ‘ತಲಿ ಕೆಟ್ಟೈತೇನು ನಿನಗ? ಗರಡಿಯೊಳಗ ಹೆಣ್ಣಮಕ್ಕಳು ಬರಂಗಿಲ್ಲ. ಹಣಮಪ್ಪ…’

‘ಹಣಮಪ್ಪನ ಮುಂದ ಬೂಸಾ ಚೀಲ ಒಟ್ಟೀಯಲ್ಲ, ಸೂರು ಮುಟ್ಟೂ ಹಂಗ. ಅದಕ್ಕ ಸಿಟ್ಟಾಗದಾಂವ ನನಗ ಯಾಕ ಸಿಟ್ಟಾಗತಾನ?’

ಗರಡಿಗೆ ಈಗ ಯಾರೂ ಬರುವುದಿಲ್ಲ. ಕುಸ್ತಿ ಕಲಿಸುತ್ತಿದ್ದ ಉಸ್ತಾದರು ತೀರಿಕೊಂಡ ಮೇಲೆ ಅದರ ಬೀಗದ ಕೈ ಅಣ್ಣನ ಹತ್ತಿರವೇ ಉಳಿದು, ಮಳೆಗಾಲದಲ್ಲಿ ಮಾಲು ನೆನೆಯಬಾರದೆಂದು ಅರ್ಧ ಗರಡಿಯಲ್ಲಿ ಚೀಲಗಳನ್ನು ಒಟ್ಟಿದ್ದ. ಉಳಿದರ್ಧದಲ್ಲಿ ಕಣ ಹಾಗೇ ಇತ್ತು. ಅಣ್ಣ ಸ್ಟೇರಿಂಗನ್ನು ಉಗುರಿನಿಂದ ಕೆರೆದು, ‘ಐತವಾರ ಬಾ. ಜಲ್ದಿ ಬಾ, ಜನ ಏಳೂದ್ರೊಳಗ’ ಅಂದ.

ಐತವಾರ ಮೊದಲ ಬಸ್ಸಿಗೆ ಕುಕನೂರಿಗೆ ಹೋದೆ. ವೈನಿ ಗರಡಿಯ ಹೊರಗೆ ಚಹಾದ ಕಿಟ್ಲಿ ಹಿಡಿದು ನಿಂತಿದ್ದಳು. ಅಣ್ಣನನ್ನು ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವಳೂ ಆ ಹೊಸ್ತಿಲು ದಾಟಿದವಳಲ್ಲ. ‘ಭಾಳ ಹೊತ್ತು ಮಾಡಬ್ಯಾಡ್ರಿ, ಚಾ ಆರತೈತಿ’ ಅಂದಳು, ನಾವೇನೋ ಗೋಡೆಗೆ ಮೊಳೆ ಹೊಡೆಯಲು ಹೊರಟವರಂತೆ.

ಬಗ್ಗಿ ಒಳಗಿಳಿದೆ. ಒಳಗೆ ಅಂಥದ್ದೇನೂ ಇರಲಿಲ್ಲ. ಹಿಂಡಿಯ ವಾಸನೆ, ಒಂದು ಗಿಡ್ಡ ಕಿಟಕಿ, ಚೀಲಗಳ ಸಂದಿಯಲ್ಲಿ ಅರ್ಧ ಮುಖ ಕಾಣುವ ಹಣಮಪ್ಪ, ಮೂಲೆಯಲ್ಲಿ ಜೇಡ ಕಟ್ಟಿದ ಎರಡು ಕಲ್ಲು ಗುಂಡು. ಇಷ್ಟಕ್ಕಾಗಿ ಹತ್ತು ವರ್ಷ ಬಾಗಿಲಲ್ಲಿ ನಿಂತಿದ್ದೆನಲ್ಲ ಅನ್ನಿಸಿತು. ಆದರೆ ಕಣಕ್ಕೆ ಕಾಲಿಟ್ಟಾಗ ಬೇರೆ ಅನ್ನಿಸಿತು. ಆ ಮಣ್ಣಿಗೆ ಆಗಿನ ಕಾಲದಲ್ಲಿ ಎಣ್ಣೆ, ಅರಿಶಿಣ, ಮಜ್ಜಿಗೆ ಎಲ್ಲ ಕಲಸುತ್ತಿದ್ದರು. ಅಣ್ಣ ಹಿಂದಿನ ಸಂಜೆಯೇ ಬಂದು ಅದನ್ನು ಸಲಿಕೆಯಿಂದ ಮಗುಚಿ, ಹೆಂಟೆ ಒಡೆದು, ನೀರು ಚಿಮುಕಿಸಿ ಇಟ್ಟಿದ್ದ. ತಣ್ಣಗೆ, ಮೆತ್ತಗೆ ಪಾದವನ್ನು ಹಿಡಿದುಕೊಂಡಿತು.

‘ನೀ ಹೊಡಿ, ನಾ ಹಿಡೀತೀನಿ’ ಅಂದ ಅಣ್ಣ.

ಮೊದಲ ಸಲ ನಾನು ಕಾಲು ಅಗಲಿಸಿ, ಮುಷ್ಟಿ ಬಿಗಿದು, ಮಾಸ್ತರ ಕಲಿಸಿದ ಭಂಗಿಯಲ್ಲಿ ನಿಲ್ಲಲು ಹೋದೆ. ಭಂಗಿ ಪೂರ್ತಿಯಾಗುವ ಮೊದಲೇ ಅಣ್ಣನ ಮುಖದ ಬದಲು ಗರಡಿಯ ತೊಲೆ ಕಂಡಿತು. ಹೇಗೆ ಬಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ.

ಎರಡನೆಯ ಸಲ ಒದೆದೆ. ಅಣ್ಣ ನನ್ನ ಕಾಲನ್ನು, ಓಡುವ ಕೋಳಿಯನ್ನು ಹಿಡಿದಂತೆ ಹಿಡಿದುಕೊಂಡ. ಒಂದು ಕಾಲಿನ ಮೇಲೆ ನಿಂತ ನನ್ನನ್ನು ಕಣದ ಸುತ್ತ ಅರ್ಧ ಸುತ್ತು ಕುಣಿಸಿ, ‘ಈಗ ಏನ್ ಮಾಡತಿ?’ ಅಂತ ಕೇಳಿ, ಉತ್ತರಕ್ಕೆ ಕಾಯದೆ ಕೆಡವಿದ.

ಮೂರನೆಯ ಸಲ ಗುದ್ದಿದೆ. ಎರಡು ವರ್ಷ ಗಾಳಿಗೆ ಗುದ್ದಿದ ಆ ಗುದ್ದು ನೇರವಾಗಿ ಅವನ ಎದೆಗೆ ಹೋಗಿ ಬಿತ್ತು. ಒಳ್ಳೆಯ ಗುದ್ದು. ಮಾಸ್ತರ ನೋಡಿದ್ದರೆ ಮೆಚ್ಚುತ್ತಿದ್ದ. ಅಣ್ಣನಿಗೆ ಮಾತ್ರ ಅದು ಮುಟ್ಟಿದ ಹಾಗೆಯೇ ಕಾಣಲಿಲ್ಲ. ನನ್ನ ಸೊಂಟಕ್ಕೆ ಕೈಹಾಕಿ, ಎತ್ತಿ, ಚೀಲ ಇಳಿಸಿದಂತೆ ಇಳಿಸಿ ಚಿತ್ ಮಾಡಿದ. ಮಾಡುವಾಗ ಅವನ ಎಡ ಮೊಣಕಾಲಿನಿಂದ ಟಕ್ ಅಂತ ಶಬ್ದ ಬಂತು. ‘ಯವ್ವಾ!’ ಅಂತ ನನ್ನ ಪಕ್ಕದಲ್ಲೇ ಉರುಳಿದ.

ಇಬ್ಬರೂ ಅಂಗಾತ ಬಿದ್ದು ತೊಲೆ ನೋಡುತ್ತಿದ್ದೆವು. ನನಗೆ ಮೊದಲು ನಗು ಬಂತು. ಆಮೇಲೆ ಅವನಿಗೆ. ಮೊಣಕಾಲು ಹಿಡಿದುಕೊಂಡು, ನೋವಿಗೆ ಒಮ್ಮೆ ನರಳಿ, ಒಮ್ಮೆ ನಕ್ಕು, ಮತ್ತೆ ನರಳಿದ. ಆ ಶಬ್ದ ಕೇಳಿ ವೈನಿ ಕಿಟ್ಲಿ ಸಮೇತ ಒಳಗೆ ಓಡಿ ಬಂದಳು. ‘ಅಯ್ಯ ಶಿವನ! ಯಾರು ಯಾರನ್ನ ಕೆಡವಿದ್ರಿ?’ ಅಂದಳು.

‘ಆತನ ನನ್ನ ಕೆಡವಿದ. ಮೂರು ಸಲ’ ಅಂದೆ.

‘ಮತ್ತ ಇವರ್‍ಯಾಕ ಬಿದ್ದಾರ?’

ಇಬ್ಬರೂ ಸೇರಿ ಅವನನ್ನು ಎತ್ತಿ ಬೂಸಾ ಚೀಲದ ಮೇಲೆ ಕೂರಿಸಿದೆವು. ವೈನಿ ಚಹಾ ಬಗ್ಗಿಸಿ ಕೊಟ್ಟು, ತಾನು ಎಲ್ಲಿ ನಿಂತಿದ್ದೇನೆ ಅಂತ ಆಗ ಹೊಳೆದು, ಹಣಮಪ್ಪನ ಕಡೆ ತಿರುಗಿ ಒಂದು ಗಡಿಬಿಡಿಯ ನಮಸ್ಕಾರ ಹಾಕಿದಳು. ಹೊರಗೇನೂ ಹೋಗಲಿಲ್ಲ.

‘ಈಗರ ತಿಳೀತೇನು?’ ಅಂದ ಅಣ್ಣ, ಮೊಣಕಾಲು ನೀವಿಕೊಳ್ಳುತ್ತ.

‘ತಿಳೀತು. ನೀ ಅಂದಿದ್ದು ಖರೆ ಐತಿ’ ಅಂದೆ. ಅದು ಖರೆಯೇ ಆಗಿತ್ತು. ‘ನೀ ಸಾಮು ಮಾಡಿ ಎಷ್ಟು ದಿನಾತು?’

‘ತಾವರಗೇರಾದಾಗ ಸೋತೆ ನೋಡು, ಆ ದಿನಾ ಬಿಟ್ಟೆ.’

ತಾವರಗೇರಾದ ಆ ಕುಸ್ತಿ ನನಗೆ ನೆನಪಿತ್ತು. ಅವನಿಗಿಂತ ಹತ್ತು ವರ್ಷ ಸಣ್ಣ ಹುಡುಗನೊಬ್ಬ ಅವನನ್ನು ಚಿತ್ ಮಾಡಿದ್ದ. ಅಣ್ಣ ಮನೆಗೆ ಬಂದು, ಮೈ ತೊಳೆದು, ಊಟ ಮಾಡಿ ಮಲಗಿದ್ದ. ಅಳಲಿಲ್ಲ, ಬೈಯಲಿಲ್ಲ. ನಾವೆಲ್ಲ ಧೈರ್ಯವಂತ ಅಂದುಕೊಂಡಿದ್ದೆವು.

‘ಆಮ್ಯಾಲ ಒಂದು ಬಸ್ಕಿನೂ ಹೊಡೀಲಿಲ್ಲ?’

‘ಯಾಕ ಹೊಡೀಬೇಕು? ಇನ್ನ ಯಾರ ಜೋಡಿ ಹಿಡ್ಯೋದಿತ್ತು?’ ಅಂದ. ಇದರಲ್ಲಿ ಕೇಳುವುದೇನಿದೆ ಎಂಬಂತೆ ಅಂದ.

ನಾನು ಚಹಾ ಕುಡಿದೆ. ದಿನಕ್ಕೆ ಸಾವಿರ ಬಸ್ಕಿ ಹೊಡೆಯುತ್ತಿದ್ದ ಮನುಷ್ಯ, ನನ್ನ ಬದಾಮಿ, ನಮ್ಮೆಲ್ಲರ ಹಾಲು ಕುಡಿದು ಬೆಳೆದ ಆ ಮೈ, ಎದುರಿಗೆ ಇನ್ನೊಬ್ಬನಿಲ್ಲ ಅಂದ ಕೂಡಲೇ ಬೇಡವಾಗಿತ್ತು. ನನ್ನ ಕರಾಟೆಯಲ್ಲಿ ಮೊದಲ ದಿನದಿಂದಲೂ ಎದುರಿಗೆ ಯಾರೂ ಇಲ್ಲ. ಇದು ಹೆಚ್ಚೋ ಕಡಿಮೆಯೋ ಅಂತ ಅವನ ಜೊತೆ ವಾದ ಮಾಡಬಹುದಿತ್ತು. ಮಾಡಲಿಲ್ಲ. ಆ ಮಣ್ಣಿಗೆ ಬಂದು ಬರೀ ಬಿದ್ದು ಹೋಗಲು ಮನಸ್ಸು ಒಪ್ಪಲಿಲ್ಲ. ಲೋಟ ಕೆಳಗಿಟ್ಟು, ಬೆನ್ನಿನ ಮಣ್ಣು ಕೊಡವದೆ, ಕಣದ ನಡುವೆ ನಿಂತು ಫೇಲಾದ ಆ ಕಟಾವನ್ನೇ ಶುರು ಮಾಡಿದೆ.

ಮೈದಾನದಲ್ಲಿ ಕಾಲು ಜಾರುತ್ತದೆ, ಮಾಳಿಗೆಯಲ್ಲಿ ತರಚಿ ಉರಿಯುತ್ತದೆ. ಇಲ್ಲಿ ಒಂದೊಂದು ಹೆಜ್ಜೆಗೂ ಮಣ್ಣು ಗುರುತು ಉಳಿಸಿಕೊಳ್ಳುತ್ತಿತ್ತು. ಮುಗಿಸಿ ನಿಂತಾಗ ನಾನು ಓಡಾಡಿದ ದಾರಿ ಪೂರ್ತಿ ಕಾಣುತ್ತಿತ್ತು. ವೈನಿ, ‘ಎಷ್ಟು ಛಂದ ಮಾಡಿದ್ರಿ’ ಅಂದಳು.

ಅಣ್ಣ ಮಣ್ಣನ್ನೇ ನೋಡುತ್ತಿದ್ದ. ಬೆರಳು ಚಾಚಿ, ‘ಅಲ್ಲಿ, ಆ ತಿರುವಿನಾಗ, ಹಿಂದಿನ ಹಿಮ್ಮಡ ಏಳಾಕತ್ತೈತಿ. ನೋಡು, ಅಲ್ಲಿ ಬರೇ ಬೆರಳಿನ ಗುರುತು ಬಿದ್ದೈತಿ. ಅದಕ್ಕ ಮೈ ಎತ್ತ ಬೇಕತ್ತ ಹೊಳ್ಳತೈತಿ. ಹಿಮ್ಮಡ ಒತ್ತಿ ತಿರುಗು. ಇನ್ನೊಮ್ಮಿ ಮಾಡು’ ಅಂದ.

ಮಾಡಿದೆ.

‘ಇನ್ನೊಮ್ಮಿ.’

ಏಳು ಸಲ ಮಾಡಿಸಿದ. ಚೀಲದ ಮೇಲೆ ಕೂತಲ್ಲಿಂದಲೇ ಬೈದ, ತೊಡೆ ತಟ್ಟಿದ, ‘ಕುಂಡಿ ಕೆಳಗ!’ ಅಂತ ಒದರಿದ. ಏಳನೆಯ ಸಲಕ್ಕೆ ತಿರುವು ತಾನಾಗಿ ಬಂತು. ಅಣ್ಣ ತಲೆಯಾಡಿಸಿ, ‘ಹಾಂ. ಈಗ ಛಲೋ ಆತು. ಕೋಲಾಟ ಛಲೋ ಆತು’ ಅಂದ.

ಎರಡನೆಯ ಸಲದ ಪರೀಕ್ಷೆಯಲ್ಲಿ ಪಾಸಾದೆ. ಅಣ್ಣ ಬರಲಿಲ್ಲ, ನಾನೂ ಕರೆಯಲಿಲ್ಲ. ಅವನ ಅಭಿಪ್ರಾಯವೇನೂ ಬದಲಾಗಿಲ್ಲ. ಹಿಂಡಿ ಒಯ್ಯಲು ಬಂದ ರೈತರಿಗೆ, ‘ನನ್ನ ತಂಗಿ ಅದಾಳ, ಸರಕಾರಿ ನೌಕರಿ, ಮುಂಜಾನೆದ್ದು ಗಾಳಿಗೆ ಗುದ್ದತಾಳ’ ಅಂತ ಇವತ್ತಿಗೂ ಹೇಳುತ್ತಾನೆ. ಅವನೇನೂ ಮತ್ತೆ ಸಾಮು ಶುರು ಮಾಡಲಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾನೆ. ಗರಡಿಯಲ್ಲಿ ಈಗ ಪೂರ್ತಿ ಚೀಲಗಳೇ ತುಂಬಿವೆ. ನನಗೆ ಅದರ ಬಗ್ಗೆ ಸ್ವಲ್ಪ ಬೇಜಾರಿದೆ, ಅವನಿಗೆ ಇದ್ದಂತೆ ಕಾಣುವುದಿಲ್ಲ.

ನನಗೀಗ ನಲವತ್ತೇಳು. ಸೊಂಟ ಇನ್ನೂ ನೋಯುತ್ತದೆ, ಬೇರೆ ಜಾಗದಲ್ಲಿ. ಇಷ್ಟು ವರ್ಷದಲ್ಲಿ ಯಾರೂ ನನ್ನ ಮೇಲೆ ಕೈಮಾಡಿಲ್ಲ, ನಾನೂ ಯಾರಿಗೂ ಹೊಡೆದಿಲ್ಲ. ‘ಉಪಯೋಗಕ್ಕ ಬಂತೇನ್ರಿ?’ ಅಂತ ಕಚೇರಿಯಲ್ಲಿ ತಿಂಗಳಿಗೊಮ್ಮೆ ಯಾರಾದರೂ ಕೇಳುತ್ತಾರೆ. ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ನಲವತ್ತು ವರ್ಷದಿಂದ ಹಾರ್ಮೋನಿಯಂ ಬಾರಿಸುತ್ತಾರೆ. ಅವರನ್ನು ಯಾರೂ ‘ಇದರಿಂದ ಎಷ್ಟು ಮಂದಿಯನ್ನ ಸೋಲಿಸಿದ್ರಿ?’ ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಅವರು ಬಾರಿಸುವುದು ಕೇಳಿದರೆ ಕೆಲವರು ಸೋತಿರಲೂಬಹುದು.

ಹೋದ ತಿಂಗಳು ಮೈದಾನಕ್ಕೆ ಕುಷ್ಟಗಿಯ ಹುಡುಗನೊಬ್ಬ ಬಂದ. ಹುಬ್ಬಳ್ಳಿಯಲ್ಲಿ ಕಿಕ್‌ಬಾಕ್ಸಿಂಗ್ ಆಡುತ್ತಾನಂತೆ. ಕೈ ತುಂಬ ಹಚ್ಚೆ, ಹುಬ್ಬಿನ ಮೇಲೆ ಹೊಲಿಗೆ. ಮಾಸ್ತರನ ದೂರದ ನೆಂಟ. ಕೈಕಟ್ಟಿ ನಿಂತು ನಮ್ಮ ಕಟಾ ನೋಡಿ, ಎಲ್ಲರಿಗೂ ಕೇಳುವಂತೆ ಮಾತು ತೆಗೆದ. ‘ಇದೆಲ್ಲಾ ಹಳೇದಾತು ಬಿಡ್ರಿ. ರಿಂಗಿನಾಗ ನಡಿಯಂಗಿಲ್ಲ. ಹತ್ತು ಸೆಕೆಂಡ್ ನಿಲ್ಲಂಗಿಲ್ಲ ಯಾರೂ.’

ಮಾಸ್ತರ ಸೊಂಟದ ಬೆಲ್ಟಿನ ಗಂಟನ್ನು ಬಿಚ್ಚಿ ಮತ್ತೆ ಬಿಗಿದ. ನಾನು ಆಗ ಕಟಾದ ನಡುವಿನಲ್ಲಿದ್ದೆ. ಮುಂದಿನ ಎರಡು ಹೆಜ್ಜೆ ಆ ಹುಡುಗ ನಿಂತ ಕಡೆಗೇ ಇತ್ತು.

‘ಹತ್ತು ಸೆಕೆಂಡ್ ಭಾಳಾತು ತಮ್ಮಾ, ನಾ ಮೂರೂ ನಿಲ್ಲಂಗಿಲ್ಲ. ನೋಡೀನಿ’ ಅಂದೆ. ‘ಆದ್ರ ನೀ ನಿಂತಿದ್ದು ನಾ ತಿರುಗೋ ಜಾಗ. ಸ್ವಲ್ಪ ಸರೀತೀಯೇನು?’

‘ಸಾರಿ ರೀ ಅಕ್ಕಾರ’ ಅಂತ ಸರಿದ. ಒಳ್ಳೆಯ ಹುಡುಗ. ಕಲ್ಲಿನ ಬೆಂಚಿನ ಮೇಲೆ ಕೂತು ಫೋನ್ ನೋಡತೊಡಗಿದ. ನಾವು ಅದೇ ಕಟಾವನ್ನು ಇನ್ನೂ ನಾಲ್ಕು ಸಲ ಮಾಡಿದೆವು. ಆಮೇಲೆ ಮಾಸ್ತರ ಗಿರಣಿಯ ಬೆಲ್ಟು ಹರಿದಿದೆ, ಹೊಸದು ತರಬೇಕು ಅಂತ ಅರ್ಧ ಗಂಟೆ ಮೊದಲೇ ಬಿಟ್ಟ. ನಾನು ಸಂತೆಯ ದಾರಿ ಹಿಡಿದು, ಬಿಳಿ ಬಟ್ಟೆಯಲ್ಲೇ, ಎರಡು ಕಟ್ಟು ಮೆಂತ್ಯೆಪಲ್ಲೆ ಕೊಂಡು ಮನೆಗೆ ಹೋದೆ.